ಮನದ ಬೇನೆಗೆ ಮದ್ದೂ ಬೇಕು, ಮನೆಯೂ ಬೇಕು

ನಮ್ಮ ಧರ್ಮಕೇಂದ್ರಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಜನರು ಸಂಕೋಚವಿಲ್ಲದೆ ಮಾತನಾಡುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರ ಹೆಸರನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸೇರಿಸುವಂತೆ ಮನೆಯವರೇ ಬಂದು ಕೇಳಿಕೊಳ್ಳುತ್ತಾರೆ. ಕ್ಯಾನ್ಸರ್ ಎಂಬ ಪದವನ್ನು ಉಚ್ಚರಿಸಲೂ ಹೆದರುತ್ತಿದ್ದ ಕಾಲ ಬಹುಮಟ್ಟಿಗೆ ಕಳೆದುಹೋಗಿದೆ. ಆದರೆ ನನ್ನ ಗುರುಜೀವನದ ಇಷ್ಟು ವರ್ಷಗಳಲ್ಲಿ "ನನ್ನ ಮಗನಿಗೆ ಸ್ಕಿಜೋಫ್ರೇನಿಯಾ ಇದೆ, ಅವನಿಗಾಗಿ ಪೂಜೆ ಒಪ್ಪಿಸಿ" ಎಂದು ರೋಗದ ಹೆಸರು ಹೇಳಿ ಕೇಳಿದ ಒಂದು ಕುಟುಂಬವನ್ನೂ ನಾನು ಕಂಡಿಲ್ಲ. ಪೂಜಾಕೋರಿಕೆಯ ಪುಸ್ತಕದಲ್ಲಿ ಅಂಥವರ ಹೆಸರಿನ ಮುಂದೆ 'ವಿಶೇಷ ಕೋರಿಕೆ' ಎಂದಷ್ಟೇ ಇರುತ್ತದೆ. ಆ ಎರಡು ಪದಗಳ ಹಿಂದೆ ಎಷ್ಟು ನಿದ್ರೆಯಿಲ್ಲದ ರಾತ್ರಿಗಳಿವೆ, ಎಷ್ಟು ಮುಚ್ಚಿದ ಕಿಟಕಿಗಳಿವೆ ಎಂಬುದು ಜನರೆಲ್ಲ ಚದುರಿದ ಮೇಲೆ ತಾಯಿಯೊಬ್ಬಳು ಗುರುನಿವಾಸದ ಬಾಗಿಲಿಗೆ ಬಂದಾಗ ಮಾತ್ರ ತಿಳಿಯುತ್ತದೆ.

ನಾನು ವೈದ್ಯನಲ್ಲ. ಆದರೂ ಈ ವಿಷಯವಾಗಿ ಬರೆಯಲು ಒಂದು ಕಾರಣವಿದೆ. ಈ ರೋಗ ಮನೆಯೊಳಗೆ ಕಾಲಿಟ್ಟಾಗ ನಮ್ಮ ಜನ ವೈದ್ಯರ ಬಳಿಗೆ ಹೋಗುವ ಮೊದಲು ಗುರುಗಳ ಬಳಿಗೆ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರು ಇದರಿಂದ ಬಳಲುತ್ತಿದ್ದಾರೆ. ಒಟ್ಟು ಸಂಖ್ಯೆ ಎರಡು ಕೋಟಿಗೂ ಹೆಚ್ಚು. ಮುನ್ನೂರು ಕುಟುಂಬಗಳ, ಹನ್ನೆರಡು ನೂರು ಜನರ ಒಂದು ಧರ್ಮಕೇಂದ್ರವನ್ನು ಇದೇ ಲೆಕ್ಕದಲ್ಲಿ ನೋಡಿದರೆ ನಾಲ್ವರಾದರೂ ಇರಬೇಕು. ಅವರು ಭಾನುವಾರದ ಪೂಜೆಯಲ್ಲಿ ನಮಗೆ ಕಾಣಿಸುತ್ತಿಲ್ಲವೆಂದರೆ, ಎಲ್ಲಿದ್ದಾರೆ ಎಂದು ನಾವು ಕೇಳಿಕೊಳ್ಳಬೇಡವೇ?

ಒಬ್ಬ ಯುವಕನ ಕಥೆಯನ್ನು ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆತ ಪದವಿ ತರಗತಿಯ ಎರಡನೆಯ ವರ್ಷದಲ್ಲಿದ್ದ. ದೇವಾಲಯದ ಗಾನವೃಂದದಲ್ಲಿ ಹಾಡುತ್ತಿದ್ದ. ಮೊದಲು ಗೆಳೆಯರ ಸಹವಾಸ ಬಿಟ್ಟ. ಬಳಿಕ ಸ್ನಾನ ಬಿಟ್ಟ. ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗತೊಡಗಿದ. ಒಂದು ದಿನ ತಾಯಿ ಬಡಿಸಿದ ಅನ್ನವನ್ನು ಮುಟ್ಟದೆ, "ಇದರಲ್ಲಿ ಏನು ಬೆರೆಸಿದ್ದೀ?" ಎಂದು ಕೇಳಿದ. ಟಿ.ವಿ.ಯಲ್ಲಿ ವಾರ್ತೆ ಓದುವವರು ತನ್ನ ಬಗ್ಗೆಯೇ ಹೇಳುತ್ತಿದ್ದಾರೆಂದು ಅದರ ಮೇಲೆ ಬಟ್ಟೆ ಹೊದಿಸಿದ. ಇಬ್ಬರು ಗಂಡಸರು ಗೋಡೆಯಾಚೆ ನಿಂತು ತನ್ನ ಪ್ರತಿಯೊಂದು ಚಲನೆಯನ್ನೂ ಟೀಕಿಸುತ್ತಿದ್ದಾರೆಂದು ಹೇಳಿದ. ಗೋಡೆಯಾಚೆ ಇದ್ದುದು ಖಾಲಿ ನಿವೇಶನ.

ವೈದ್ಯರು ಈ ರೋಗದ ಲಕ್ಷಣಗಳನ್ನು ವಿವರಿಸುವಾಗ ಹೇಳುವುದೆಲ್ಲ ಈ ಯುವಕನಲ್ಲಿತ್ತು. ಇಲ್ಲದ ಧ್ವನಿ ಕೇಳಿಸುವುದು, ಕೆಲವೊಮ್ಮೆ ಇಲ್ಲದ ದೃಶ್ಯ ಕಾಣುವುದು ಮೊದಲನೆಯದು. ಇದಕ್ಕೆ ಭ್ರಮೆ ಎನ್ನುತ್ತಾರೆ. ಯಾರೋ ವಿಷವಿಕ್ಕುತ್ತಿದ್ದಾರೆ, ಹಿಂಬಾಲಿಸುತ್ತಿದ್ದಾರೆ, ತನ್ನ ಆಲೋಚನೆಗಳನ್ನು ಕದಿಯುತ್ತಿದ್ದಾರೆ ಎಂಬಂಥ, ಯಾವ ಸಾಕ್ಷ್ಯಕ್ಕೂ ಜಗ್ಗದ ನಂಬಿಕೆ ಎರಡನೆಯದು. ಮಾತಿನ ಎಳೆ ತಪ್ಪಿಹೋಗುವುದು ಮೂರನೆಯದು. ಇವು ಎದ್ದು ಕಾಣುವ ಲಕ್ಷಣಗಳು. ಇವುಗಳ ಜೊತೆಗೆ ಸದ್ದಿಲ್ಲದ ಲಕ್ಷಣಗಳೂ ಇವೆ: ಉತ್ಸಾಹವಿಲ್ಲದಿರುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಮಾತು ಕಡಿಮೆಯಾಗುವುದು, ಏಕಾಗ್ರತೆ ಮತ್ತು ನೆನಪು ಕುಂದುವುದು. ಈ ಎರಡನೆಯ ಗುಂಪನ್ನು ಮನೆಯವರು ಸೋಮಾರಿತನವೆಂದು ತಿಳಿದು ಬೈಯುತ್ತಾರೆ. ರೋಗಿ ಎದ್ದು ಕೆಲಸ ಮಾಡದಿರುವುದೂ ಆ ರೋಗದ ಭಾಗವೇ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಗಂಡಸರಲ್ಲಿ ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ಆಸುಪಾಸಿನಲ್ಲಿ, ಹೆಂಗಸರಲ್ಲಿ ಇನ್ನೂ ಸ್ವಲ್ಪ ತಡವಾಗಿ ತಲೆದೋರುತ್ತದೆ. ಅಂದರೆ ಓದು ಮುಗಿಯುವ, ನೌಕರಿ ಸಿಗುವ, ಮದುವೆಯ ಮಾತು ಬರುವ ವಯಸ್ಸಿನಲ್ಲಿಯೇ ಇದು ಬಂದು ಬಾಗಿಲು ತಟ್ಟುತ್ತದೆ. 'ಸ್ಕಿಜೋಫ್ರೇನಿಯಾ' ಎಂಬ ಹೆಸರನ್ನು 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೀನ್ ಬ್ಲೂಲರ್. ಗ್ರೀಕ್ ಮೂಲದಲ್ಲಿ ಅದಕ್ಕೆ ಸೀಳಿದ ಮನಸ್ಸು ಎಂಬ ಅರ್ಥವಿರುವುದರಿಂದ ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳಿರುತ್ತಾರೆಂದು ಸಿನಿಮಾ ನೋಡಿದವರು ಭಾವಿಸುವುದುಂಟು. ಅದು ತಪ್ಪು. ಆಲೋಚನೆ, ಭಾವನೆ, ವರ್ತನೆಗಳ ನಡುವಿನ ಹೊಂದಾಣಿಕೆ ಬಿಟ್ಟುಹೋಗುತ್ತದೆ ಎಂಬುದಷ್ಟೇ ಬ್ಲೂಲರರ ಅಭಿಪ್ರಾಯವಾಗಿತ್ತು.

ಆ ಯುವಕನ ತಾಯಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯನ್ನು ನಿಮ್ಮಲ್ಲಿ ಅನೇಕರು ಕೇಳಬಹುದು: "ಫಾದರ್, ಇದು ಕಾಯಿಲೆಯೋ, ದೆವ್ವದ ಕಾಟವೋ?"

ಈ ಪ್ರಶ್ನೆಯನ್ನು ಕೇಳಿ ನಗಬಾರದು. ಕೇಳುವವರ ಎದೆಯಲ್ಲಿ ಭಯವಿರುತ್ತದೆ. ಆದರೆ ಉತ್ತರದಲ್ಲಿ ಗೊಂದಲವಿರಬಾರದು. ಯಾರಿಗಾದರೂ ಭೂತೋಚ್ಚಾಟನೆಯ ವಿಧಿಯನ್ನು ನೆರವೇರಿಸುವ ಮುನ್ನ, ಎದುರಿಗಿರುವುದು ರೋಗವಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕೆಂದು, ಮಾನಸಿಕ ರೋಗಗಳ ಚಿಕಿತ್ಸೆಯು ವೈದ್ಯವಿಜ್ಞಾನಕ್ಕೆ ಸೇರಿದ್ದೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೆಯ ಕಂಡಿಕೆ ಸ್ಪಷ್ಟವಾಗಿ ತಿಳಿಸುತ್ತದೆ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಆ ವಿಧಿಗೆ ಕೈಹಾಕುವಂತಿಲ್ಲ. ಧರ್ಮಸಭೆಯ ಕಾನೂನಿನ 1172ನೆಯ ವಿಧಿ ಹೀಗೆಂದು ನಿಯಮಿಸುತ್ತದೆ. ಗುರುಗಳಿಗೇ ಇಷ್ಟು ಕಟ್ಟುಪಾಡಿರುವಾಗ, ಯಾರೋ ಒಬ್ಬರು ತಲೆಯ ಮೇಲೆ ಕೈಯಿಟ್ಟು "ಇದು ಶಾಪ, ಮಾತ್ರೆಗಳನ್ನು ಎಸೆಯಿರಿ" ಎಂದು ಹೇಳಿದರೆ ಅದನ್ನು ನಂಬುವುದು ಹೇಗೆ? ಈ ಯುವಕನಿಗೂ ಒಂದು ಪ್ರಾರ್ಥನಾಕೂಟದಲ್ಲಿ ಹಾಗೆಯೇ ಹೇಳಲಾಗಿತ್ತು. ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯೆಂದು ತಿಳಿದು ಮನೆಯವರು ಮೂರು ವರ್ಷ ಊರೂರು ಅಲೆದರು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂಬುದು ವೈದ್ಯರ ಅನುಭವ. ಆ ಮೂರು ವರ್ಷಗಳನ್ನು ಅವನಿಗೆ ಯಾರು ಹಿಂದಿರುಗಿಸುತ್ತಾರೆ?

ವೈದ್ಯನನ್ನು ಗೌರವಿಸಬೇಕು, ಮದ್ದುಗಳನ್ನು ಭೂಮಿಯಿಂದ ಹೊರಡಿಸಿದವನು ದೇವರೇ ಎಂಬ ಬೋಧನೆ ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ಆ ಅಧ್ಯಾಯದಲ್ಲಿ ಪ್ರಾರ್ಥನೆಯೂ ಇದೆ, ವೈದ್ಯನೂ ಇದ್ದಾನೆ. ಒಂದನ್ನು ಹಿಡಿದವನು ಇನ್ನೊಂದನ್ನು ಬಿಡಬೇಕೆಂಬ ಮಾತು ಅಲ್ಲಿಲ್ಲ. ರೋಗಿಗಾಗಿ ಜಪಸರ ಮಾಡಿರಿ, ವ್ಯಾಧಿಗ್ರಸ್ತರ ಅಭ್ಯಂಗಕ್ಕಾಗಿ ಗುರುಗಳನ್ನು ಕರೆಯಿರಿ. ಆದರೆ ಜಪಸರ ಮುಗಿದ ಮೇಲೆ ರಾತ್ರಿಯ ಮಾತ್ರೆಯನ್ನು ಕೊಡಲು ಮರೆಯದಿರಿ.

ಮಾನಸಿಕ ರೋಗಿಗಳನ್ನು ನಂಬಿಕೆಯ ತಾಣಗಳಲ್ಲಿ ಬಿಟ್ಟುಬಿಡುವುದರ ಪರಿಣಾಮ ಏನಾಗಬಹುದೆಂಬುದಕ್ಕೆ ನಮ್ಮ ನೆರೆರಾಜ್ಯದಲ್ಲಿ ಒಂದು ಘೋರ ಸಾಕ್ಷಿಯಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಖಾಸಗಿ ಗುಡಿಸಲಿಗೆ ಬೆಂಕಿ ಬಿದ್ದಿತು. ಒಳಗಿದ್ದವರನ್ನು ಸರಪಳಿಗಳಿಂದ ಕಟ್ಟಿಹಾಕಲಾಗಿತ್ತು. 28 ಮಂದಿ ಓಡಲಾಗದೆ ಪ್ರಾಣ ಬಿಟ್ಟರು. ಇದನ್ನು ಒಂದು ಮತದ ದೋಷವೆಂದು ಭಾವಿಸಬೇಡಿರಿ. ರೋಗಿಯನ್ನು ಕೊಠಡಿಯಲ್ಲಿ ಕೂಡಿಹಾಕುವ ಮನೆಗಳು ಎಲ್ಲ ಮತದವರಲ್ಲಿಯೂ ಇವೆ. ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯವನ್ನು ಓದಿ ನೋಡಿರಿ. ಗೆರಸೇನರ ನಾಡಿನ ಆ ಮನುಷ್ಯನನ್ನು ಊರಿನವರು ಸರಪಳಿಯಿಂದ ಬಂಧಿಸಿದ್ದರು. ಅವನು ಸಮಾಧಿಗಳ ನಡುವೆ ವಾಸವಾಗಿದ್ದ. ಆ ಘಟನೆಯನ್ನು ಈ ರೋಗದ ವಿವರಣೆಯೆಂದು ನಾನು ಹೇಳುತ್ತಿಲ್ಲ. ಸ್ವಸ್ಥನಾದ ಆತ ತನ್ನೊಡನೆ ಬರುತ್ತೇನೆಂದು ಬೇಡಿಕೊಂಡರೂ ಯೇಸುಸ್ವಾಮಿ ಒಪ್ಪದೆ, ಅವನನ್ನು ಅವನ ಮನೆಗೆ, ಅವನ ಜನರ ಬಳಿಗೆ ಕಳುಹಿಸಿದರು ಎಂಬ ಮುಕ್ತಾಯವನ್ನು ಗಮನಿಸಿರಿ ಎನ್ನುತ್ತೇನೆ. ಮನೆಗೆ ಮರಳದ ಹೊರತು ಗುಣವಾಗುವುದು ಪೂರ್ಣವಾಗುವುದಿಲ್ಲ.

ತಾಯಿಯ ಎರಡನೆಯ ಪ್ರಶ್ನೆ ಇನ್ನೂ ನೋವಿನದಾಗಿತ್ತು: "ನಾನು ಅವನನ್ನು ಬೆಳೆಸಿದ್ದರಲ್ಲಿ ಏನಾದರೂ ತಪ್ಪಾಯಿತೇ?"

ಒಂದು ಕಾಲದಲ್ಲಿ ಮನೋವೈದ್ಯರಲ್ಲಿಯೇ ಕೆಲವರು, ತಾಯಿಯ ತಣ್ಣಗಿನ ಸ್ವಭಾವದಿಂದ ಈ ರೋಗ ಬರುತ್ತದೆಂದು 1940ರ ದಶಕದಿಂದ ಬರೆಯುತ್ತಿದ್ದರು. ಆ ವಾದವನ್ನು ವಿಜ್ಞಾನ ಬಹಳ ಹಿಂದೆಯೇ ಕೈಬಿಟ್ಟಿದೆ. ಯಾವ ತಾಯಿಯೂ ಈ ಭಾರವನ್ನು ಹೊರಬೇಕಾಗಿಲ್ಲ. ಇದು ಮಿದುಳಿಗೆ ಸಂಬಂಧಿಸಿದ ರೋಗ. ಇದಕ್ಕೆ ಒಂದೇ ಒಂದು ಕಾರಣವಿಲ್ಲ. ವಂಶವಾಹಿಗಳ ಪಾಲು ದೊಡ್ಡದು. ತಂದೆತಾಯಿಯರಲ್ಲಿ ಒಬ್ಬರಿಗೆ ಅಥವಾ ಒಡಹುಟ್ಟಿದವರಿಗೆ ಈ ರೋಗವಿದ್ದರೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಹತ್ತು. ಅಂದರೆ ಸುಮಾರು ತೊಂಬತ್ತು ಜನರಿಗೆ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವ ಸಾಧ್ಯತೆ ಅರ್ಧದಷ್ಟನ್ನು ಮೀರುವುದಿಲ್ಲ. ಆದ್ದರಿಂದ ವಂಶವಾಹಿಗಳ ಹೊರತಾಗಿ ಬೇರೆ ಕಾರಣಗಳೂ ಇವೆ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಭೀಕರ ಕ್ಷಾಮವಿತ್ತು. ಆ ಕ್ಷಾಮದ ಕಾಲದಲ್ಲಿ ಗರ್ಭದಲ್ಲಿ ಮೂಡಿದ ಶಿಶುಗಳಲ್ಲಿ ಮುಂದೆ ಈ ರೋಗ ಸುಮಾರು ಎರಡರಷ್ಟು ಹೆಚ್ಚಾಗಿ ಕಂಡುಬಂದಿತು. ಹೆರಿಗೆಯ ತೊಡಕುಗಳು, ಬಾಲ್ಯದ ತೀವ್ರ ಆಘಾತಗಳು ಕೂಡ ಅಪಾಯವನ್ನು ಹೆಚ್ಚಿಸುತ್ತವೆ. ಯುವಜನರ ಪೋಷಕರು ವಿಶೇಷವಾಗಿ ಗಮನಿಸಬೇಕಾದುದು ಗಾಂಜಾ. ಹದಿಹರೆಯದಲ್ಲಿ ಗಾಂಜಾ ಸೇವನೆಗೆ ಬಿದ್ದವರಲ್ಲಿ ಈ ರೋಗದ ಅಪಾಯ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ದೃಢಪಟ್ಟಿದೆ.

ಇನ್ನು ಚಿಕಿತ್ಸೆಯ ವಿಷಯ. ರಕ್ತಪರೀಕ್ಷೆ, ಸ್ಕ್ಯಾನ್‌ಗಳಿಂದ ಈ ರೋಗವನ್ನು ಖಚಿತಪಡಿಸಲಾಗದು. ಥೈರಾಯಿಡ್, ಮೂರ್ಛೆರೋಗ, ಮಾದಕವಸ್ತುಗಳಂಥ ಬೇರೆ ಕಾರಣಗಳನ್ನು ತಳ್ಳಿಹಾಕಲು ಆ ಪರೀಕ್ಷೆಗಳು ಬೇಕು. ರೋಗಿಯೊಂದಿಗೂ ಮನೆಯವರೊಂದಿಗೂ ವಿವರವಾಗಿ ಮಾತನಾಡಿಯೇ ಮನೋವೈದ್ಯರು ನಿರ್ಧಾರಕ್ಕೆ ಬರುತ್ತಾರೆ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟು ಫಲ ಕಂಡಾಗ ಹೊಸ ಯುಗವೊಂದು ಆರಂಭವಾಯಿತು. ಅಲ್ಲಿಯವರೆಗೆ ಜೀವನಪರ್ಯಂತ ಆಸ್ಪತ್ರೆಯ ಗೋಡೆಗಳೊಳಗೆ ಇರಬೇಕಾಗಿದ್ದವರು ಮನೆಗೆ ಮರಳುವಂತಾಯಿತು. ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಏರುಪೇರನ್ನು ಈ ಔಷಧಗಳು ಹತೋಟಿಗೆ ತರುತ್ತವೆ. ಬೇರೆ ಔಷಧಗಳಿಗೆ ಬಗ್ಗದ ರೋಗಕ್ಕೆ ಕ್ಲೋಜಪೀನ್ ಇದೆ. ಅದನ್ನು ಸೇವಿಸುವವರು ರಕ್ತಪರೀಕ್ಷೆಯನ್ನು ಕ್ರಮವಾಗಿ ಮಾಡಿಸುತ್ತಿರಬೇಕು. ದಿನವೂ ಮಾತ್ರೆ ನುಂಗಲು ಒಲ್ಲದವರಿಗೆ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಉಂಟು. ಡೋಪಮೀನ್ ಮಾರ್ಗವನ್ನು ನೇರವಾಗಿ ತಡೆಯದೆ ಬೇರೊಂದು ಬಗೆಯಲ್ಲಿ ಕೆಲಸ ಮಾಡುವ ಹೊಸ ಔಷಧವೊಂದಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಜನರು ಬಹಳ ಹೆದರುವ ವಿದ್ಯುತ್ ಚಿಕಿತ್ಸೆಯನ್ನು ಕೆಲವು ಸಂದರ್ಭಗಳಲ್ಲಿ ಮಾತ್ರ, ಅರಿವಳಿಕೆ ಕೊಟ್ಟೇ ನೀಡುತ್ತಾರೆ.

ಔಷಧ ಪೂರ್ಣ ಪರಿಣಾಮ ಬೀರಲು ಕೆಲವು ವಾರಗಳು ಬೇಕು. ಕೈನಡುಕ, ಮೈ ಬಿಗಿತ, ಮಂಪರು, ತೂಕ ಹೆಚ್ಚುವುದು, ಸಕ್ಕರೆ ಏರುವುದು ಮುಂತಾದ ಅಡ್ಡಪರಿಣಾಮಗಳು ಬರಬಹುದು. ಇವುಗಳನ್ನು ವೈದ್ಯರಿಗೆ ತಿಳಿಸಿದರೆ ಔಷಧವನ್ನೋ ಪ್ರಮಾಣವನ್ನೋ ಬದಲಿಸುತ್ತಾರೆ. ನಮ್ಮವರು ಮಾಡುವುದೇನು? ಎರಡು ತಿಂಗಳಲ್ಲಿ ಹುಡುಗ ಸುಧಾರಿಸಿದ ಕೂಡಲೇ "ಇನ್ನು ಯಾಕೆ ಮಾತ್ರೆ?" ಎಂದು ನಿಲ್ಲಿಸುತ್ತಾರೆ. ಕೆಲವೇ ತಿಂಗಳಲ್ಲಿ ರೋಗ ಮರುಕಳಿಸುತ್ತದೆ. ಸಕ್ಕರೆ ಕಾಯಿಲೆಯವರು ಗುಳಿಗೆಯನ್ನು ವರ್ಷಗಟ್ಟಲೆ ಸೇವಿಸುವುದಿಲ್ಲವೇ? ಇದನ್ನೂ ಹಾಗೆಯೇ ತಿಳಿಯಬೇಕು. ಸರಿಯಾದ ಚಿಕಿತ್ಸೆ, ಆಸರೆ ಸಿಕ್ಕರೆ ಮೂವರಲ್ಲಿ ಒಬ್ಬರಾದರೂ ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಲ್ಲಿಯೂ ಅನೇಕರು ತಕ್ಕ ಕೆಲಸ ಮಾಡಿಕೊಂಡು ಬಾಳಬಲ್ಲರು.

"ಮದುವೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ" ಎಂಬುದು ಇನ್ನೊಂದು ಅಪಾಯಕಾರಿ ಸಲಹೆ. ಮದುವೆ ಔಷಧವಲ್ಲ. ರೋಗವಿದೆ ಎಂಬ ಕಾರಣಕ್ಕೇ ಯಾರಿಗೂ ಮದುವೆಯ ಹಕ್ಕು ತಪ್ಪುವುದಿಲ್ಲ. ಆದರೆ ಅದನ್ನು ಮುಚ್ಚಿಟ್ಟು ಮದುವೆ ಮಾಡುವುದು ಇನ್ನೊಬ್ಬರ ಮನೆಯ ಮಗಳಿಗೋ ಮಗನಿಗೋ ಮಾಡುವ ಅನ್ಯಾಯ. ವಿವಾಹದ ಹೊಣೆಗಳನ್ನು ಹೊರುವ ಮಾನಸಿಕ ಸಾಮರ್ಥ್ಯದ ಕುರಿತು ಧರ್ಮಸಭೆಯ ಕಾನೂನಿನ 1095ನೆಯ ವಿಧಿ, ವಂಚನೆಯಿಂದ ಪಡೆದ ಸಮ್ಮತಿಯ ಕುರಿತು 1098ನೆಯ ವಿಧಿ ಮಾತನಾಡುತ್ತವೆ. ಬಚ್ಚಿಟ್ಟ ಮಾತ್ರೆಯ ಡಬ್ಬಿ ಮದುವೆಯಾದ ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

ಮನೆಯವರು ರೋಗಿಯೊಂದಿಗೆ ಹೇಗೆ ನಡೆದುಕೊಳ್ಳಬೇಕು? ಸದಾ ಟೀಕೆ, ಕೋಪ, ಹಂಗಿಸುವಿಕೆ ಇರುವ ಮನೆಗಳಿಗೆ ಮರಳಿದ ರೋಗಿಗಳಲ್ಲಿ ರೋಗ ಹೆಚ್ಚಾಗಿ ಮರುಕಳಿಸುತ್ತದೆಂದು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತವರ ಸಂಗಡಿಗರು ನಡೆಸಿದ ಅಧ್ಯಯನಗಳು ತೋರಿಸಿದವು. ತಾಯಿ ರೋಗವನ್ನು ತರುವುದಿಲ್ಲವೆಂದು ಮೇಲೆ ಹೇಳಿದೆ. ಆದರೆ ಬಂದ ರೋಗದ ದಾರಿಯನ್ನು ಮನೆಯ ವಾತಾವರಣ ಬದಲಿಸಬಲ್ಲದು. ರೋಗಿ ಕೇಳಿಸಿಕೊಳ್ಳುವ ಧ್ವನಿಗಳ ಬಗ್ಗೆ ವಾದಿಸಬೇಡಿರಿ, ಹೌದೆಂದು ಒಪ್ಪಿಕೊಳ್ಳಲೂಬೇಡಿರಿ. "ನನಗೆ ಕೇಳಿಸುತ್ತಿಲ್ಲ ಮಗಾ, ಆದರೆ ನಿನಗೆ ಭಯವಾಗುತ್ತಿದೆ ಎಂದು ಗೊತ್ತು" ಎಂದರೆ ಸಾಕು. ಸಾಯುವ ಮಾತನ್ನು ಆಡಿದರೆ ಅದನ್ನು ಎಂದಿಗೂ ಲಘುವಾಗಿ ತೆಗೆದುಕೊಳ್ಳದೆ ಅಂದೇ ವೈದ್ಯರಿಗೆ ತಿಳಿಸಿರಿ. ಮತ್ತೊಂದು ಮಾತು: ಈ ರೋಗಿಗಳೆಂದರೆ ಹಿಂಸಾಪ್ರವೃತ್ತಿಯವರೆಂಬ ಭಯ ಬೇಡ. ಅವರಲ್ಲಿ ಬಹುಪಾಲು ಜನರು ಯಾರಿಗೂ ಕೇಡು ಮಾಡುವುದಿಲ್ಲ. ಇತರರಿಂದ ಹಿಂಸೆಗೆ ಒಳಗಾಗುವ ಸಾಧ್ಯತೆಯೇ ಅವರಿಗೆ ಹೆಚ್ಚು.

ನೆರವು ಎಲ್ಲಿ ದೊರೆಯುತ್ತದೆ ಎಂಬುದನ್ನೂ ತಿಳಿದಿರಿ. ಬೆಂಗಳೂರಿನಲ್ಲಿ 1974ರಿಂದ ನಿಮ್ಹಾನ್ಸ್ ಸಂಸ್ಥೆಯಿದೆ. ಇಂದು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ನಮ್ಮ ಬಳ್ಳಾರಿ ಜಿಲ್ಲೆಯೆಂಬುದು ಹೆಮ್ಮೆಯ ಸಂಗತಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಲ್ಲಿ ಜಾರಿಗೆ ಬಂದಿತು. ಚಿಕಿತ್ಸೆ ಪಡೆಯುವುದನ್ನು ಅದು ಹಕ್ಕೆಂದು ಸಾರಿತು, ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿತು, ಆರೋಗ್ಯ ವಿಮೆಯಲ್ಲಿ ಮಾನಸಿಕ ರೋಗಗಳನ್ನೂ ಸೇರಿಸಬೇಕೆಂದು ವಿಧಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಅರ್ಹರಾದ ರೋಗಿಗಳು ಪ್ರಮಾಣಪತ್ರ ಪಡೆದು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. 1923ರಲ್ಲಿ ಮಂಗಳೂರಿನಲ್ಲಿ ಜನಿಸಿದ ಡಾ. ಶಾರದಾ ಮೆನನ್ ಅವರನ್ನೂ ಇಲ್ಲಿ ನೆನೆಯಬೇಕು. ಭಾರತದ ಮೊದಲ ಮಹಿಳಾ ಮನೋವೈದ್ಯರೆಂದು ಹೆಸರಾದ ಅವರು 1984ರಲ್ಲಿ ಚೆನ್ನೈಯಲ್ಲಿ ಈ ರೋಗಿಗಳಿಗಾಗಿಯೇ 'ಸ್ಕಾರ್ಫ್' ಸಂಸ್ಥೆಯನ್ನು ಕಟ್ಟಿದರು. 2021ರಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು.

ಇಷ್ಟೆಲ್ಲ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಯುವಕನಿಗೆ ಕೊನೆಗೂ ಸರಿಯಾದ ಚಿಕಿತ್ಸೆ ದೊರೆಯಿತು. ಧ್ವನಿಗಳು ನಿಂತವು. ಈಗ ಸಸಿಗಳನ್ನು ಬೆಳೆಸಿ ಮಾರುವ ತೋಟವೊಂದರಲ್ಲಿ ಅರ್ಧ ದಿನ ಕೆಲಸ ಮಾಡುತ್ತಾನೆ. ಒಮ್ಮೆ ಅವನ ಮನೆಗೆ ಹೋದಾಗ ಹೇಳಿದ: "ಧ್ವನಿಗಳು ಹೋದವು ಫಾದರ್. ಈಗ ಮನೆ ತುಂಬ ನಿಶ್ಶಬ್ದ. ಯಾರೂ ಬರುವುದಿಲ್ಲ." ಅವನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ನಾನು ಹೋದ ಮೇಲೆ ಇವನಿಗೆ ಯಾರು?"

ಮಾತ್ರೆಯನ್ನು ವೈದ್ಯರು ಕೊಡಬಲ್ಲರು. ಈ ಎರಡು ಮಾತುಗಳಿಗೆ ಉತ್ತರ ಕೊಡಬೇಕಾದವರು ನಾವು, ಧರ್ಮಕೇಂದ್ರದ ಕುಟುಂಬಗಳು. ಅದು ಸಾಧ್ಯವೇ ಎಂದು ಕೇಳುವವರಿಗೆ ಬೆಲ್ಜಿಯಂ ದೇಶದ ಗೇಲ್ ಎಂಬ ಊರಿನ ಉದಾಹರಣೆ ಇದೆ. ಐರ್ಲೆಂಡಿನಿಂದ ಓಡಿಬಂದು ಅಲ್ಲಿ ಹತಳಾದಳೆಂದು ಐತಿಹ್ಯ ಹೇಳುವ ಸಂತ ಡಿಂಫ್ನಾ ಮಾನಸಿಕ ರೋಗಿಗಳ ಪಾಲಕಿ. ಮಧ್ಯಯುಗದಲ್ಲಿ ಅವಳ ದೇವಾಲಯಕ್ಕೆ ರೋಗಿಗಳನ್ನು ಕರೆತರುತ್ತಿದ್ದರು. ದೇವಾಲಯದಲ್ಲಿ ಸ್ಥಳ ಸಾಲದಾದಾಗ ಊರಿನವರು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಳ್ಳತೊಡಗಿದರು. ಶತಮಾನಗಳು ಕಳೆದರೂ ಆ ಪದ್ಧತಿ ನಿಲ್ಲಲಿಲ್ಲ. 1930ರ ದಶಕದ ಕೊನೆಯಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳು ಅಲ್ಲಿನ ಮನೆಗಳಲ್ಲಿ, ಮನೆಯವರಂತೆಯೇ ಹೊಲದ ಕೆಲಸ, ಮನೆಕೆಲಸ ಮಾಡಿಕೊಂಡಿದ್ದರು. ಇಂದು ಸಂಖ್ಯೆ ಬಹಳ ಇಳಿದಿದ್ದರೂ, ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ ಅದು ಮುಂದುವರಿದಿದೆ. 2023ರಲ್ಲಿ ಯುನೆಸ್ಕೊ ಅದನ್ನು ಮಾದರಿಯೆಂದು ಗುರುತಿಸಿತು. ಆ ಊರಿನ ರೈತರು ಮನೋವೈದ್ಯರಾಗಿರಲಿಲ್ಲ. ಊಟಕ್ಕೆ ಕುಳಿತಾಗ ಇನ್ನೊಂದು ತಟ್ಟೆ ಇಟ್ಟರು, ಅಷ್ಟೇ.

ರೋಗಿಯನ್ನು ನಿಮ್ಮ ಮನೆಯಲ್ಲಿ ಇರಿಸಿಕೊಳ್ಳಿರೆಂದು ನಾನು ಕೇಳುತ್ತಿಲ್ಲ. ಅಷ್ಟು ದೂರ ಹೋಗುವ ಮೊದಲು ಮಾಡಬಹುದಾದ ಸಣ್ಣ ಕೆಲಸಗಳಿವೆ. ಅಂಥ ಮನೆಗೆ ಕ್ರಿಸ್ತಜಯಂತಿಯ ಕುಸ್ವಾರ್ ಕಳುಹಿಸುವಾಗ ಮಗನ ಕೈಯಲ್ಲಿ ಕೊಟ್ಟು ಕಳುಹಿಸದೆ ನೀವೇ ಹೋಗಿ ಹತ್ತು ನಿಮಿಷ ಕುಳಿತುಕೊಳ್ಳಿರಿ. ತಾಯಿಯೊಬ್ಬಳೇ ಮಗನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಜೊತೆಗೆ ಒಬ್ಬರು ಹೋಗಿರಿ. ವಿನ್ಸೆಂಟ್ ದಿ ಪೌಲ್ ಸಂಘದವರು ತಿಂಗಳ ಮಾತ್ರೆಗಳ ಖರ್ಚಿನ ಬಗ್ಗೆ ವಿಚಾರಿಸಲಿ. ಹಾಡಲು ಬರುವವನನ್ನು ಮತ್ತೆ ಗಾನವೃಂದಕ್ಕೆ ಕರೆಯಿರಿ. ಒಂದೆರಡು ಬಾರಿ ಬಾರದಿದ್ದರೆ ಬೇಸರಿಸದೆ ಮೂರನೆಯ ಬಾರಿಯೂ ಕರೆಯಿರಿ. ಅವನ ಹೆಸರು ಹಿಡಿದು ಮಾತನಾಡಿಸಿರಿ, ಕಾಯಿಲೆಯ ಹೆಸರು ಹಿಡಿದಲ್ಲ.

ಆ ತಾಯಿಯ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಚಿಕ್ಕದು: "ಅಮ್ಮಾ, ಈ ಬೀದಿಯಲ್ಲಿ ನಮ್ಮ ಧರ್ಮಕೇಂದ್ರದ ಹನ್ನೊಂದು ಮನೆಗಳಿವೆ." ಆ ಉತ್ತರವನ್ನು ನಿಜವಾಗಿಸುವ ಶಕ್ತಿ ನನ್ನ ಕೈಯಲ್ಲಿಲ್ಲ. ಅದು ಆ ಹನ್ನೊಂದು ಮನೆಗಳವರ ಕೈಯಲ್ಲಿದೆ. ನಿಮ್ಮ ಬೀದಿಯಲ್ಲಿ ಅಂಥದೊಂದು ಮನೆಯಿದ್ದರೆ, ಪ್ರಿಯ ಓದುಗರೇ, ಅದು ನಿಮ್ಮ ಕೈಯಲ್ಲಿಯೂ ಇದೆ.